ಮುಳ್ಳು ಹಾಕದ ಕಲ್ಲು

ಮೊದಲು ಅದು ಟಕ್ ಅಂತು.
ಆಮೇಲೆ ಒಂದು ಗುಟುಕು ಚಹಾದಷ್ಟು ಹೊತ್ತು ಸುಮ್ಮನಿದ್ದು
ಟಕ್, ಟಕ್.
ಬಾಗಿಲು ಬಡಿಯುವವರು ಒಳಗೇ ಸಿಕ್ಕಿಬಿದ್ದ ಹಾಗೆ.

ಜುವಾರಿನಗರದಲ್ಲಿ ನನ್ನ ಸ್ಟುಡಿಯೋ, ಎಂಟಕ್ಕೆ ಹತ್ತು.
ನೀಲಿ ಪರದೆ, ಒಂದು ಸ್ಟೂಲು, ಮೂರು ಸೈಜಿನ ಕರಿ ಕೋಟು.
ಹನ್ನೊಂದು ವರ್ಷದ ಮುಖಗಳೆಲ್ಲ ಆ ಡಿಸ್ಕಿನಲ್ಲಿದ್ದವು:
ಗೌಂಡಿಗಳು, ಬಂದರಿನ ಕಲ್ಲಿದ್ದಲಿನವರು,
ಮೀನು ಕಂಪನಿಯ ಹುಡುಗಿಯರು,
ರೇಷನ್ನಿಗೆ, ಬ್ಯಾಂಕಿಗೆ, ಹೆಣ್ಣು ಕೇಳುವವರಿಗೆ.

ಟವೆಲಿನಲ್ಲಿ ಸುತ್ತಿ ವಾಸ್ಕೋಕ್ಕೆ ಒಯ್ದೆ.
ಸಾಂತಾನ್ ಅದನ್ನು ಕಿವಿಗೆ ಹಿಡಿದ,
ತೆಂಗಿನಕಾಯಿ ಆರಿಸುವವನ ಹಾಗೆ.
"ಹುಲಗಪ್ಪಾ, ಮುಗೀತು ಇದು.
ಮುಂಬೈಗೆ ಕಳಿಸಿದರೆ ನಲವತ್ತು ಸಾವಿರ, ಗ್ಯಾರಂಟಿ ಇಲ್ಲ.
ಎರಡನೇದು ಎಲ್ಲಿ?"
ಯಾವ ಎರಡನೇದು, ಅಂದೆ.
ಅವನು ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

ಗಾಜಿನ ಮೇಲೆ ನಾಲ್ಕು ಇಟ್ಟ.
ಇದು ಎಸ್ಸೆಸ್ಡಿ, ಓಡುತ್ತದೆ, ನಿನ್ನ ಜೇಬು ಓಡುವುದಿಲ್ಲ.
ಇದು ಸಿಸಿಟಿವಿಯವರದು.
ಇದು ಅಗ್ಗ, ವಾರಂಟಿ ಕೇಳಬೇಡ.
ಇದು ನಾಲ್ಕು ಟೀಬಿ, ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು,
ನಿಧಾನ, ಆದರೆ ಮೈ ಕಾಯುವುದಿಲ್ಲ.
ನಿಧಾನದ್ದೇ ಎರಡು ಕೊಡು, ಅಂದೆ,
ಒಂದರ ದುಡ್ಡು ಚೌತಿ ಆದಮೇಲೆ.
ಎರಡನೆಯದನ್ನು ಬೇರೆ ಪೆಟ್ಟಿಗೆಯಿಂದ ತೆಗೆದ:
ಒಂದೇ ದಿನ ಹುಟ್ಟಿದವು ಒಂದೇ ದಿನ ಸಾಯ್ತಾವೆ.

ರಾತ್ರಿ ಶಟರ್ ಅರ್ಧ ಎಳೆದು ಕೂತೆ.
ಕಬ್ಬಿಣ ಮುಟ್ಟಿ ಮೈಯ ಕರೆಂಟು ಕಳೆದುಕೊಂಡೆ.
ಸ್ಕ್ರೂ ನಾಲ್ಕು. ನಾಲ್ಕನೆಯದು
ಇನ್ನೂ ಸ್ಟೂಲಿನ ಕೆಳಗೆಲ್ಲೋ ಇದೆ.
ಕೇಬಲ್ಲಿನ ಮೂತಿ ಸೊಟ್ಟಗೆ ಒತ್ತಿದರೆ ಕೂಡುವುದಿಲ್ಲ, ಗೊತ್ತಿತ್ತು,
ಎರಡು ಸಲ ಸೊಟ್ಟಗೇ ಒತ್ತಿದೆ.
ಫಾರ್ಮ್ಯಾಟ್ ಮುಗಿದಾಗ ನಾಲ್ಕು ಟೀಬಿ
ಮೂರೂವರೆಗೆ ಚೂರು ಮೇಲೆ ತೋರಿಸಿತು.
ತೂಕದಲ್ಲಿ ಹೊಡೆಯದವರು ಯಾರು.

ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.
ಕುಷ್ಟಗಿಯ ಸುತ್ತ ಹದಿನೆಂಟು ಹಳ್ಳಿ,
ಉಳಿ ಸುತ್ತಿಗೆಯ ಬುಟ್ಟಿ ಹೊತ್ತು
"ಕಲ್ಲಿಗೆ ಮುಳ್ಳ ಹಾಕಸ್ತೀರೇನ್ರೆವ್ವೋ" ಅಂತ ಕೂಗುತ್ತ ತಿರುಗಿದವಳು.
ಸವೆದ ಬೀಸುಕಲ್ಲು ಅವಳ ಕೈ ಬಿದ್ದ ಮೇಲೆ
ಮತ್ತೆ ಜೋಳ ಕಚ್ಚುತ್ತಿತ್ತು.
"ಹಳೇದು ಬಿಚ್ಚು, ನೋಡೂಣು" ಅಂದಳು.

ನಕ್ಷತ್ರದ ತಲೆಯ ಸ್ಕ್ರೂಗಳು ಹಠ ಮಾಡಿ ಬಿಟ್ಟವು.
ಒಳಗೆ ಎರಡು ತಟ್ಟೆ, ನಡುವೆ ಗೂಟ,
ಮಗ್ಗುಲಲ್ಲಿ ಸೂಜಿಯಂಥ ಒಂದು ಮೂಗು.
ಅವಳು ಬೆರಳಾಡಿಸಿದಳು.
"ಅಯ್ಯ, ಇಷ್ಟ್ ನುಣ್ಣಗ ಐತಲ್ಲೋ. ಏನ್ ಬೀಸತಿತ್ತೋ ಇದು?"
ಮುಖ, ಅಂದೆ.
ಅಂಚಿನಲ್ಲಿ ಉಂಗುರದಂತೆ ಒಂದು ಗೀರು ಸಿಕ್ಕಿತು.
ಉಗುರಿನಿಂದ ಕೆರೆದು ನೋಡಿ ಅಂದಳು:
"ಇಲ್ಲೊಂದು ಮುಳ್ಳು ಬಿದ್ದೈತಿ.
ಹಾಕಿದಾವ್ಗ ಕೆಲಸ ಬರೂದಿಲ್ಲ."

ಈಗ ಸೋಮವಾರ ಸೋಮವಾರ ನಕಲು ತೆಗೆಯುತ್ತೇನೆ.
ಎರಡನೆಯದು ಮನೆಯಲ್ಲಿ, ಅವ್ವನ ಟ್ರಂಕಿನಲ್ಲಿ,
ಚಪ್ಪಲಿ ಡಬ್ಬಿಗಳಿಂದ ಕೂಡಿಹಾಕಿದ
ಸಿಲಿಕಾ ಪುಡಿಕೆಗಳ ನಡುವೆ ಮಲಗಿರುತ್ತದೆ.
ಇಲ್ಲಿಯ ಗಾಳಿಗೆ ಉಪ್ಪಿನ ನಾಲಿಗೆ.
ಕರೆಂಟು ಹೋದರೆ ಯುಪಿಎಸ್ ಆರು ನಿಮಿಷ ಚೀರುತ್ತದೆ,
ಓಡುವ ಡಿಸ್ಕನ್ನು ನಿಲ್ಲಿಸಿ ಮಲಗಿಸಲು ಅಷ್ಟು ಸಾಕು.
ತಿಂಗಳಿಗೊಮ್ಮೆ ಅದರ ಲೆಕ್ಕ ತೆಗೆಸಿ ಓದುತ್ತೇನೆ,
ತಿರುಗಿದ ಗಂಟೆ ಇಷ್ಟು, ಕೆಟ್ಟ ಸೆಕ್ಟರು ಸೊನ್ನೆ.
ಸೊನ್ನೆ ನೋಡಲಿಕ್ಕೇ ಓದುತ್ತೇನೆ.

ಹಳೆಯ ತಟ್ಟೆಯನ್ನು ಅದರ ತೂತಿನಿಂದಲೇ
ಪರದೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ.
ನಿನ್ನೆ ಕಲ್ಲಿದ್ದಲಿನ ಯಂಕೋಬ ಬಂದು
ಐದು ವರ್ಷದ ಹಿಂದಿನ ಫೋಟೋ ಕೇಳಿದ.
ಹೋಯ್ತು, ಅಂದೆ, ಕೂದಲೆಳೆಯಷ್ಟೂ ಉಳಿದಿಲ್ಲ.
ಸ್ವಲ್ಪ ಹೊತ್ತು ನಿಂತ.
"ಛಲೋ ಆತು ಬಿಡ್ರಿ. ಅದ್ರಾಗ ಭಾಳ ಸೊರಗಿದ್ದೆ."
ಬಾಚಣಿಗೆ ನೀರಿಗೆ ಅದ್ದಿ ತಟ್ಟೆಯ ಮುಂದೆ ನಿಂತು
ಬೈತಲೆ ತೆಗೆದ. ಗೀರು ಬಂದಲ್ಲಿ ಮಂಡಿ ಬಗ್ಗಿಸಿದ.
ಸ್ಟೂಲಿನ ಮೇಲೆ ಕೂತ.

ಗದ್ದ ಚೂರು ಮೇಲೆ, ಅಂದೆ.
ಒಳಗೆ ಹೊಸದು ತಿರುಗುವ ಸದ್ದು ಕೇಳಿಸಲಿಲ್ಲ.