ಹನ್ನೊಂದು ತಿಂಗಳ ಗೋಡೆ

ಕರಾರಿನ ಮೂರನೇ ಪುಟ, ಏಳನೇ ಸಾಲು:
ಗೋಡೆಗೆ ಮೊಳೆ ಹೊಡೆಯಬಾರದು.
ಪಾಟ್ಕರ್ ಕಾಕು ಬೆರಳಿಟ್ಟು ತೋರಿಸಿದರು,
ಮರಾಠಿಯಲ್ಲೊಮ್ಮೆ, ಹಿಂದಿಯಲ್ಲೊಮ್ಮೆ,
ಆಮೇಲೆ ಬರೀ ಕಣ್ಣಿನಲ್ಲಿ.

ಸರಿ ಎಂದೆ. ಎಲ್ಲ ಮನೆಯಲ್ಲೂ ಸರಿ ಎಂದವಳೇ.
ಕಲ್ವಾದಲ್ಲಿ ಹನ್ನೊಂದು ತಿಂಗಳು, ದಿವಾದಲ್ಲಿ ಹನ್ನೊಂದು,
ಕಾಂಜೂರಿನಲ್ಲಿ ಎರಡು ಸಲ ಹನ್ನೊಂದು,
ಈಗ ಭಾಂಡುಪ್, ಮೂರನೇ ಮಾಳಿಗೆ,
ಅಡುಗೆ ಕಟ್ಟೆಯ ಹತ್ತಿರ ನಿಂತು ಕೈ ಚಾಚಿದರೆ
ಮಲಗುವ ಕಡೆಯ ದೀಪ ಆರಿಸಬಹುದು.

ಮೊದಲು ಪರದೆ.
ಅಮ್ಮನ ಎರಡು ವಾಯಲ್ ಸೀರೆ ಕೂಡಿಸಿ ಹೊಲಿದದ್ದು.
ಕಲ್ವಾದ ಕಿಟಕಿಗೆ ಉದ್ದವಾಯಿತೆಂದು ಒಳಗೆ ಮಡಿಚಿದೆ,
ದಿವಾದಲ್ಲಿ ಮಡಿಕೆ ಬಿಚ್ಚಿದೆ,
ಕಾಂಜೂರಿನಲ್ಲಿ ಅದೂ ಸಾಲದೆ ಕೆಳಗೊಂದು ಗೇಣು
ಇವರ ಹಳೆ ಲುಂಗಿಯ ಚೌಕಳಿ ಸೇರಿಸಿದೆ.
ಮಡಿಕೆ ಬಿಚ್ಚಿದ ಜಾಗ ಮಾತ್ರ ಮಾಸಿಲ್ಲ,
ಅಲ್ಲಿಗೆ ಬಿಸಿಲು ತಲುಪಿರಲಿಲ್ಲವಲ್ಲ,
ಅಮ್ಮ ಅಂಗಡಿಯಿಂದ ತಂದ ದಿನದ ನೀಲಿ
ಒಂದು ಪಟ್ಟಿಯಷ್ಟು ಹಾಗೇ ಇದೆ.

ಇವರು ಕ್ಯಾಂಟೀನಿನಿಂದ ತಂದ ಎಣ್ಣೆ ಡಬ್ಬ ನಾಲ್ಕು.
ಸೋಡಾ ಹಾಕಿ ತೊಳೆದು, ಅಂಚು ತಟ್ಟಿ ಮೊಂಡಾಗಿಸಿ,
ಎರಡು ಕೈ ಹಳದಿ ಪೇಂಟು.
ಮೇಲೆ ಹಲಗೆ: ಗಣಪತಿಯ ಮಂಟಪ ಬಿಚ್ಚಿದ ಮಾರನೇ ದಿನ
ಮಂಡಳದ ಹುಡುಗರನ್ನು ಕೇಳಿ ತಂದದ್ದು.
ಬಗ್ಗಿ ನೋಡಿದರೆ ಅಡಿಯಲ್ಲಿ ಇನ್ನೂ
ಜರಿ ಕಾಗದದ ಚೂರು ಮಿನುಗುತ್ತದೆ,
ನಾನು ಕಿತ್ತಿಲ್ಲ.

ಬಾಗಿಲ ಹಿಂದೆ ಜೀನ್ಸ್ ಪ್ಯಾಂಟುಗಳ ಜೇಬು,
ಹಳೆ ಹಚ್ಚಡದ ಮೇಲೆ ಹನ್ನೆರಡು ಹೊಲಿದಿದ್ದೇನೆ.
ಲೈಟ್ ಬಿಲ್ಲು, ಬಾಚಣಿಗೆ, ಕತ್ತರಿ, ಲೋಕಲ್ ಪಾಸು,
ಒಂದರಲ್ಲಿ ಬರೀ ರಬ್ಬರ್ ಬ್ಯಾಂಡ್.
ಕೊನೆಯದು ಖಾಲಿ.
ಏನಾದರೂ ಬಂದೇ ಬರುತ್ತದೆ.

ಕಿಟಕಿಯ ಎದುರು ಕನ್ನಡಿ, ನೆಲಕ್ಕೆ ಊರಿ ಒರಗಿಸಿದ್ದು.
ಮಧ್ಯಾಹ್ನ ಮೂರರ ಬೆಳಕು ಹಿಡಿದು
ಅಕ್ಕಿ ಡಬ್ಬದವರೆಗೂ ಎಸೆಯುತ್ತದೆ.
ಠಾಣೆಗೆ ಹೊರಟ ಗಾಡಿ ಅದರೊಳಗೆ
ದಾದರಿಗೆ ಹೋಗುತ್ತದೆ.

'ಬಾಡಿಗೆ ಮನೆಗೆ ಇಷ್ಟೆಲ್ಲ ಯಾಕೆ?'
ಪಕ್ಕದ ಸುಲಭಾ ಪರಬ್ ಹೊಸ್ತಿಲಲ್ಲೇ ನಿಂತು ಕೇಳಿದಳು.
ಬಾಡಿಗೆ ಮನೆಯೆಂದು ಸಾರಿಗೆ ಉಪ್ಪು ಕಡಿಮೆ ಹಾಕುತ್ತೇವೆಯೇ?
ಹೇಳಲಿಲ್ಲ. ಒಳಗೆ ಕರೆದು ಚಹಾ ಕೊಟ್ಟೆ.
ಹೋಗುವಾಗ ಜೇಬು ಎಣಿಸಿಕೊಂಡು ಹೋದಳು.

ಪ್ರಾಪ್ತಿ ಮಾಡಿದ್ದು ಮೀನು.
ಮದುವೆ ಕಾಗದ ಕತ್ತರಿಸಿ, ಬಂಗಾರದ ಗೆರೆಯೆಲ್ಲ
ಹುರುಪೆಯಾಗುವಂತೆ ಅಂಟಿಸಿದ್ದಾಳೆ,
ಒಂದು ಕಣ್ಣು ಗುಂಡಿ, ಇನ್ನೊಂದು ಬಟಾಣಿ.
ಅಂಟುವ ಹುಕ್ಕಿಗೆ ತೂಗುಹಾಕಿದೆ, ಜುಲೈ ತಿಂಗಳ ಗೋಡೆ,
ಮೂರು ರಾತ್ರಿ ಮೂರು ಸಲ ಬಿತ್ತು.
ನಾಲ್ಕನೇ ಸಲ ಕತ್ತಲಲ್ಲಿ ಅವಳ ದನಿ:
'ಒಂದೇ ಒಂದು ಮೊಳೆ, ಅಮ್ಮಾ.'

ದೀಪ ಹಾಕದೆ ಗೋಡೆ ಸವರಿದೆ.
ಅಂಗೈಗೆ ಸಾಸಿವೆಯಷ್ಟು ಉಬ್ಬು.
ಉಗುರಲ್ಲಿ ಕೆರೆದೆ, ಬಿಳಿ ಪುಡಿ.
ಮೂಗಿಗೆ ಹಿಡಿದರೆ ಪುದೀನ.

ಟೂತ್‌ಪೇಸ್ಟು!
ಯಾರೋ, ಮನೆ ಬಿಡುವ ಹಿಂದಿನ ರಾತ್ರಿ,
ತೂತಿಗೆ ತುಂಬಿ, ಒಣಗಲು ಕಾದು,
ಒದ್ದೆ ಬಟ್ಟೆಯಲ್ಲಿ ಒರೆಸಿ ಹೋಗಿದ್ದಾರೆ,
ನಾನು ದಿವಾದಲ್ಲಿ ಮಾಡಿದ ಹಾಗೇ.
ಹುಡುಕುತ್ತ ಹೋದೆ. ಎತ್ತರದಲ್ಲೊಂದು, ಗಡಿಯಾರವಿರಬೇಕು.
ಒಲೆಯ ಬಳಿ ಸಾಲಾಗಿ ಮೂರು, ಸೌಟುಗಳದ್ದು.
ಪ್ರಾಪ್ತಿಯ ಭುಜದ ಎತ್ತರಕ್ಕೆ ಒಂದು,
ಅದು ಏನಿತ್ತೋ ತಿಳಿಯಲಿಲ್ಲ.

ಗೋಡೆಗೆ ಮೊಳೆ ಹೊಡೆಯಬಾರದು ಎಂದಿದೆ ಕರಾರು.
ಇದ್ದ ತೂತಿಗೆ ಇಡಬಾರದು ಎಂದಿಲ್ಲ.
ಹೆಬ್ಬೆರಳಲ್ಲಿ ಒತ್ತಿದೆ, ಸದ್ದಿಲ್ಲದೆ ಕೂತಿತು.

ಈಗ ಫ್ಯಾನ್ ಹಾಕಿದಾಗ ಮೀನು ಅಲುಗುತ್ತದೆ.
ಖಾಲಿ ಜೇಬಿನಲ್ಲಿ ಹತ್ತು ರೂಪಾಯಿಯ ಚಿಕ್ಕ ಟ್ಯೂಬು,
ಮುಂದಿನ ಮೇ ತಿಂಗಳಿಗೆ.
ಜೆಲ್ ಆಗುವುದಿಲ್ಲ,
ಬಿಳಿಯೇ ಬೇಕು.