ಏಳನೇ ಪ್ರಶ್ನೆ

ಇಪ್ಪತ್ತೆರಡು ವರ್ಷ ಈ ಗಾಜಿನ ಕಿಂಡಿಯ ಹಿಂದೆ ಕೂತು
ಎದುರು ಬಂದವರನ್ನೆಲ್ಲ ಕೇಳಿದ್ದೇನೆ:
ಬೀಡಿ ಸೇದುತ್ತೀರಾ? ದಿನಕ್ಕೆಷ್ಟು? ಎಷ್ಟು ವರ್ಷದಿಂದ?
ಫಾರಮ್ಮಿನ ಏಳನೇ ಪ್ರಶ್ನೆ ಅದು.
ಸುಳ್ಳು ಬರೆಸುವವರ ಕಣ್ಣು
ಗೋಡೆಯ ಕ್ಯಾಲೆಂಡರಿನ ಕಡೆ ಹೊರಳುತ್ತದೆ.

ರಹಮತ್‌ಬೀ ಮಾತ್ರ ನನ್ನನ್ನೇ ನೋಡಿದಳು.
‘ಸೇದಲ್ರೀ. ಆದ್ರೆ ಹೊಗೆ ಕುಡೀತೀನಿ.’
ಮಂಡಕ್ಕಿ ಭಟ್ಟಿಯಾಕೆ. ಕಾದ ಮರಳಲ್ಲಿ ಅಕ್ಕಿ
ಒಂದೇ ಉಸಿರಿಗೆ ಅರಳುವಾಗ
ಒಲೆಯ ಬಾಯಿಗೆ ಹೊಟ್ಟು,
ಹೊಟ್ಟು ಸಾಲದಿದ್ದರೆ ಟೈರಿನ ಚೂರು.
ಹಾಗೆಯೇ ಬರೆದುಕೊಂಡೆ.
ಮೇಲಿನವರು ಕಂತಿನ ಮೇಲೆ ನೂರಕ್ಕೆ ನಲವತ್ತು ಹೇರಿದರು.
ಮೂರನೇ ವರ್ಷ ಆಸ್ಪತ್ರೆಯ ಬಿಲ್ಲು ತಂದಳು.
‘ಮೊದಲೇ ಇದ್ದ ಕಾಯಿಲೆ’ ಎಂಬ ಸೀಲು
ನನ್ನ ಕೈಯಿಂದಲೇ ಬಿತ್ತು.

ಈ ಸೋಮವಾರ ಅವಳು ಒಬ್ಬಳೇ ಬರಲಿಲ್ಲ.
ಮುಚ್ಚಿದ ಹತ್ತಿ ಗಿರಣಿಯ ಕರಿಬಸಯ್ಯ,
ಈಗಲೂ ಮಾತಿನ ನಡುವೆ
ನೂಲು ಕಡಿದಂತೆ ತಟ್ಟನೆ ನಿಲ್ಲುವವರು;
ಡಿಪ್ಲೊಮಾ ಓದುವ ಓಬಳೇಶ,
ಟೈಲರ್ ಷಣ್ಮುಖಿ, ಇನ್ನೂ ಹನ್ನೊಂದು ಮಂದಿ.
ಘೋಷಣೆಯಿಲ್ಲ, ಬ್ಯಾನರಿಲ್ಲ.
ಲಾಠಿ ಹಿಡಿದು ಓಡಿಬಂದ ವಾಚ್‌ಮನ್
ಏನು ಮಾಡುವುದೋ ತಿಳಿಯದೆ ಫ್ಯಾನು ಹಾಕಿದ.
ಎಲ್ಲರೂ ಪಾಲಿಸಿದಾರರೇ. ಟೋಕನ್ ತೆಗೆದುಕೊಂಡು
ಸಾಲಾಗಿ ಕೂತರು.

ನಂಬರ್ ನಲವತ್ತೊಂದು.
ಕಿಂಡಿಯೊಳಗೆ ಜಾರಿ ಬಂತು ನಮ್ಮದೇ ಫಾರಮ್ಮು.
ಅರ್ಜಿದಾರರ ಜಾಗದಲ್ಲಿ ನಮ್ಮ ಕಂಪನಿಯ ಹೆಸರು.
ಉದ್ಯೋಗ: ಕಲ್ಲಿದ್ದಲ ಗಣಿಗೆ, ಎಣ್ಣೆಯ ಕೊಳವೆಗೆ,
ಇನ್ನೂ ಕಟ್ಟದ ಚಿಮಣಿಗೆ ಜಾಮೀನು ನಿಲ್ಲುವುದು.
ಏಳನೇ ಪ್ರಶ್ನೆ: ಹೊಗೆ ಸೇದುತ್ತೀರಾ?
ದಿನಕ್ಕೆಷ್ಟು? ಎಷ್ಟು ವರ್ಷದಿಂದ?
ಕೆಳಗೆ, ಕೈಬರಹದಲ್ಲಿ, ನಮ್ಮ ಫಾರಮ್ಮಿನಲ್ಲಿಲ್ಲದ ಒಂದು ಸಾಲು:
ಬಿಡುವ ತಾರೀಕು?
ಮುಂದೆ ಖಾಲಿ ಗೆರೆ.

‘ನಮ್ಮ ಭಟ್ಟಿಗೆ ವಿಮೆ ಕೇಳಿದ್ರೆ
ಬೆಂಕಿ ಐತಿ, ಆಗಲ್ಲ ಅಂದ್ರಿ.
ಅವರದು ಬೆಂಕಿ ಅಲ್ಲೇನ್ರೀ?
ಟೈರು ನಾನೂ ಸುಟ್ಟೀನಿ. ಸುಟ್ಟೀನಿ ಅಂತ
ಬರೆಸಿದ್ದಕ್ಕೇ ಹೆಚ್ಚಿಗೆ ಕಟ್ಟೀನಿ.
ಅವರು ಎಷ್ಟು ಹೆಚ್ಚಿಗೆ ಕಟ್ತಾರೆ?’

ನನ್ನ ಹತ್ತಿರ ದರಪಟ್ಟಿಯಿದೆ. ಅದರಲ್ಲಿ ಆ ಪುಟವಿಲ್ಲ.

ಮ್ಯಾನೇಜರು ಒಳಗಿಂದ ಸನ್ನೆ ಮಾಡಿದರು: ತಗೋ, ಕಳಿಸು.
ಮುಖ್ಯ ಕಚೇರಿ ಇರುವುದು ಮುಂಬೈಯಲ್ಲಿ,
ಅಲ್ಲಿನ ಕಿಟಕಿಗೆ ಸಮುದ್ರ ಕಾಣುತ್ತದಂತೆ.
ನನ್ನ ಕಿಟಕಿಗೆ ಅಶೋಕ ರಸ್ತೆಯ ರೈಲ್ವೆ ಗೇಟು.
ಗೇಟು ಬಿದ್ದಿತ್ತು. ಗೂಡ್ಸು ಹೋಗುತ್ತಿತ್ತು,
ತಾಡಪಾಲಿನಡಿ ಕಪ್ಪು, ಡಬ್ಬಿಯ ಹಿಂದೆ ಡಬ್ಬಿ.
ಆಂಬುಲೆನ್ಸು, ಬೆಣ್ಣೆ ಕ್ಯಾನು ಕಟ್ಟಿದ ಸೈಕಲ್ಲು,
ಶಾಲೆಯ ಆಟೊ, ಎಲ್ಲ ನಿಂತು ಅದಕ್ಕೆ ದಾರಿ ಬಿಟ್ಟಿದ್ದವು.
ಐವತ್ತೆಂಟು ಎಣಿಸಿದೆ.
‘ನಿಮ್ಮ ಸಹಿ ಬೀಳದೆ ಒಂದು ಗಾಲೀನೂ ಉರುಳಲ್ಲ ಮೇಡಂ’
ಎಂದ ಓಬಳೇಶ.
ನನ್ನ ಸಹಿಯಲ್ಲ, ಅನ್ನಬೇಕೆಂದಿದ್ದೆ.
ಗಾಡಿಯ ಸದ್ದಿಗೆ ಗಾಜು ನಡುಗುತ್ತಿತ್ತು.

ಆವಕ ಪುಸ್ತಕ ತೆರೆದೆ. ಇರುವುದು ಮೂರೇ ಮನೆ:
ಹೊಸ ಪ್ರಸ್ತಾವ, ದೂರು, ಕ್ಲೇಮು.
ದೂರು ಎಂದರೆ ಹದಿನೈದು ದಿನಕ್ಕೊಂದು
ಅಚ್ಚು ಹಾಕಿದ ವಿಷಾದ ಹೋಗುತ್ತದೆ;
ಲಕೋಟೆಗೆ ಗೋಂದು ಹಚ್ಚುವವಳೂ ನಾನೇ.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

ಕ್ಲೇಮು, ಎಂದು ಬರೆದೆ. ಹದಿನೈದು ಸಲ.
ಮೊತ್ತದ ಕೆಳಗೆ: ಇನ್ನೂ ಅಂದಾಜಾಗಿಲ್ಲ.
‘ಸ್ವೀಕರಿಸಲಾಗಿದೆ, ದಾವಣಗೆರೆ ಶಾಖೆ.’
ಈ ಸೀಲನ್ನು ಇಷ್ಟು ಒತ್ತಿ ಹಾಕಿದ್ದು ನೆನಪಿಲ್ಲ.

ರಹಮತ್‌ಬೀ ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿದಳು,
ಕೆಮ್ಮು ನಿಲ್ಲುವ ತನಕ ಕಟ್ಟೆ ಹಿಡಿದುಕೊಂಡು ನಿಂತಳು.
‘ಮುಂದಿನ ಸೋಮವಾರ ಬರ್ತೀವ್ರೀ,’ ಅಂದಳು,
ಕಂತು ತಪ್ಪಿಸದವರ ದನಿಯಲ್ಲಿ.