ಬಿತ್ತನೆ ಆರಿಸುವವಳು

ನಸೀಬಾ ಟೇಪು ಸುತ್ತುತ್ತ ತಡೆದಳು.
ಪೆನ್ಷನ್ ಮೊಹಲ್ಲಾದ ಅಂಗಡಿ, ಪರದೆಯ ಹಿಂದೆ ನಾವಿಬ್ಬರೇ.
"ಅಕ್ಕಾ, ಬಲಕ್ಕೆ ಒಂದು ಪದರ ಕೊಡ್ತೀನಿ" ಅಂದಳು,
ಅಷ್ಟೇ. ಯಾಕೆಂದು ಕೇಳಲಿಲ್ಲ.
ಇಪ್ಪತ್ತು ವರ್ಷದಿಂದ ನನ್ನ ಅಳತೆ ಬರೆದಿಟ್ಟ ಪುಸ್ತಕದಲ್ಲಿ
ಅವತ್ತೇ ಮೊದಲು
ನನ್ನ ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂಕಿ.

ಹೊಟ್ಟೆಯ ಬಲಕ್ಕೆ ಮೂರು ಕುಳಿ, ಎಡಕ್ಕೆ ಒಂದು ದಿಬ್ಬ,
ಪಂಕ್ತಿ ಕೂತ ಮೇಲೆ ಅಡುಗೆಭಟ್ಟ ಅವಸರದಲ್ಲಿ
ಆಲೂಗಡ್ಡೆಯ ಕಣ್ಣು ಕಿತ್ತ ಹಾಗೆ.
"ಬೆಳಿಗ್ಗೆ ಬಂದು ಸಂಜೆಗೆ ಮನೆ" ಅಂದಿದ್ದ ಆ ಮೊದಲನೆಯವನು
ನಾಲ್ಕು ಲೀಟರ್ ತೆಗೆದೆನೆಂದು ಜಾರ್ ತೋರಿಸಿದ್ದ,
ಡೇರಿಗೆ ಹಾಲು ಅಳೆಯುವವನ ಹೆಮ್ಮೆಯಲ್ಲಿ.
ಎಲ್ಲಿಂದ ಎಷ್ಟು ಎಂದು ನಾನೂ ಕೇಳಲಿಲ್ಲ.

ನಾನು! ಜಲಂಧರದ ಲಾರಿ ಬಂದು ನಿಂತರೆ
ಮೂಟೆಯ ಬಾಯಿ ನೋಡಿ ಎಂದೂ ರೇಟು ಕಟ್ಟದವಳು,
ತಳಕ್ಕೆ ಕೈಹಾಕಿ, ಅತಿ ಕೆಟ್ಟದ್ದನ್ನೇ ಹೊರಗೆಳೆದು,
ಕೊಯ್ದು, ಮೂಸಿ, ಆಮೇಲೆ ಮಾತಾಡುವವಳು.
ಜಯಶೀಲಮ್ಮನ ಮಂಡಿಯ ಬಿತ್ತನೆ ಎಂದರೆ
ಹಾಸನದ ಸುತ್ತ ಯಾರೂ ಗೋಣಿ ಬಿಚ್ಚಿಸುವುದಿಲ್ಲ.
ನನ್ನ ಹೊಟ್ಟೆಗೆ ಮಾತ್ರ
ಮೂಟೆಯ ಬಾಯಿ ನೋಡಿ ವ್ಯಾಪಾರ ಮುಗಿಸಿದೆ.

"ಬಿಡೇ, ಇನ್ನು ಯಾರು ನೋಡ್ತಾರೆ" ಅಂದರು ಇವರು.
ದಿನಾ ನೋಡುವವಳು ನಾನಲ್ಲವೇ, ಬಚ್ಚಲಲ್ಲಿ,
ಮೈಮೇಲೆ ಸುರಿದ ನೀರು ಆ ಕುಳಿಗಳ ಬಳಿ
ದಾರಿ ತಪ್ಪಿ, ಒಂದು ಕ್ಷಣ ತಂಗಿ ಹೋಗುವುದನ್ನು.

ಸರಿ, ಈ ಸಲ ತಳಕ್ಕೇ ಕೈಹಾಕುವುದೆಂದು ಹೊರಟೆ.
ಬಿ.ಎಂ. ರಸ್ತೆಯವನು ಬಟ್ಟೆಯ ಮೇಲಿಂದಲೇ ನೋಡಿ
"ಬರೋ ಸೋಮವಾರ ಖಾಲಿ ಇದೆ, ಮುಂಗಡ ಕಟ್ಟಿ" ಅಂದ.
ಮೈಸೂರಿನವನು ಅರ್ಧ ಗಂಟೆ ಮೊದಲನೆಯವನನ್ನು ಬೈದ.
ಹಿತವಾಗಿತ್ತು, ಸುಳ್ಳೇಕೆ ಹೇಳಲಿ.
ಹೊರಗೆ ಚಪ್ಪಲಿ ಮೆಟ್ಟುವಾಗ ಹೊಳೆಯಿತು:
ಆತ ನನ್ನ ಹೊಟ್ಟೆ ಮುಟ್ಟಲೇ ಇಲ್ಲ.

ಮಂಗಳೂರಿನ ಐರಿನ್ ಮಸ್ಕರೇನಸ್, ಗಿಡ್ಡ ಹೆಂಗಸು, ತಣ್ಣನೆ ಬೆರಳು,
ನಿಲ್ಲಿಸಿ ನೋಡಿದರು, ಕೂರಿಸಿ, ಬಗ್ಗಿಸಿ,
ಚರ್ಮವನ್ನು ಚಿವುಟಿ ಎತ್ತಿ, ಬಿಟ್ಟು,
ಎಷ್ಟು ಹೊತ್ತಿಗೆ ಮರಳುತ್ತದೆಂದು ಕಾದರು.
"ಹಳೇ ಆಪರೇಷನ್ನಿನ ಕಾಗದ ಉಂಟಾ?"
ಆಮೇಲೆ, "ತೋಡಿದ್ದನ್ನು ಮತ್ತೆ ತೋಡಿ ಸಮ ಮಾಡ್ಲಿಕ್ಕೆ ಆಗುವುದಿಲ್ಲ.
ತೊಡೆಯ ಕೊಬ್ಬು ತೆಗೆದು ಕುಳಿಗೆ ತುಂಬಬೇಕು.
ತುಂಬಿದ್ದರಲ್ಲಿ ಒಂದಷ್ಟು ಕರಗಿ ಹೋಗ್ತದೆ.
ಮೊದಲಿನ ಹಾಗೆ ಆಗ್ತದೆ ಅಂತ ನಾನು ಹೇಳುವುದಿಲ್ಲ."

ತಳಕ್ಕೆ ಕೈಹಾಕಿದೆ:
"ನಿಮ್ಮ ಕೈಯಲ್ಲಿ ಕೆಟ್ಟದ್ದು ಒಂದು ತೋರಿಸಿ."
ಫ್ಯಾನು ತಿರುಗಿತು. ಕನ್ನಡಕ ತೆಗೆದರು, ಹಾಕಿದರು,
ಡ್ರಾಯರಿನ ಅಡಿಯಿಂದ ಮುಖವಿಲ್ಲದ ಒಂದು ಫೋಟೋ.
"ಅವರೇ ತೋರಿಸಿ ಅಂದದ್ದು. ಇಲ್ಲಿ ನಾನು ಅವಸರ ಮಾಡಿದೆ,
ಒಳಗಿನ ಗಾಯ ಇನ್ನೂ ಗಟ್ಟಿ ಇತ್ತು."
ಅದರ ಮೇಲೆ ಒಂದು ಮಾತೂ ಹಚ್ಚಲಿಲ್ಲ.

"ಮತ್ತೆ ನನಗೆ?"
"ಆರು ತಿಂಗಳಾಯಿತಷ್ಟೆ. ಇನ್ನೂ ಆರು ಹೋಗಲಿ, ಮೆತ್ತಗಾಗಲಿ."
ಮುಂಗಡ ಚಾಚಿದೆ. ತಗೊಳ್ಳಲಿಲ್ಲ.

ಶಿರಾಡಿ ಹತ್ತುವಾಗ ಆ ಹೆಂಗಸಿನ ಮೇಲೆ ಸಿಟ್ಟು ಬಂತು.
ಸಕಲೇಶಪುರ ದಾಟುವಾಗ ನಗು.
ಪ್ರತಿ ಮೇ ತಿಂಗಳು ಮಂಡಿಯ ಹುಡುಗರಿಗೆ ನಾನೇ ಕಿರುಚುವುದಲ್ಲವೇ,
ನಿದ್ದೆ ಮುಗಿಯದ ಗೆಡ್ಡೆಗೆ ಚಾಕು ಇಡಬೇಡ್ರೋ,
ಮೊಳಕೆ ಕಣ್ಬಿಡಲಿ, ಇಲ್ಲಾಂದ್ರೆ ಹೊಲದಲ್ಲೇ ಕೊಳೆಯುತ್ತೆ.

ಎಪ್ಪತ್ತು ದಿನ ಆಯಿತು.
ಕೋಲ್ಡ್ ಸ್ಟೋರೇಜಿನ ಬಾಗಿಲು ತೆಗೆದರೆ ಹೊಗೆಯಂಥ ಚಳಿ,
ಸಾಲು ಮೂಟೆ, ಒಳಗೇನೂ ನಡೆದಿಲ್ಲವೆನ್ನುವ ಹಾಗೆ.
ದುಪಟ್ಟಾದ ಅಡಿ ದೊಡ್ಡ ಕುಳಿಯ ಅಂಚು ಒತ್ತಿ ನೋಡಿಕೊಳ್ಳುತ್ತೇನೆ:
ಮೆತ್ತಗಾಯಿತೋ, ನನಗೆ ಹಾಗನ್ನಿಸುತ್ತದೋ.
ಹೊಸ ಚೂಡಿದಾರದ ಹೊಲಿಗೆಯೊಳಗೆ
ನಸೀಬಾ ಒಂದಿಂಚು ಬಟ್ಟೆ ಮಡಚಿಟ್ಟಿದ್ದಾಳೆ,
ಬೇಕಾದಾಗ ಬಿಚ್ಚಿಕೊಳ್ಳಲು.